ಉಪ್ಪು ಮೊದಲು, ಮಸಾಲೆ ಆಮೇಲೆ: ಜಾರ್ಜಿಯಾ ರುಚಿಯಲ್ಲಿ ತರಕಾರಿ ಸುಡುವ ಬಗೆ

ನಮ್ಮ ಪಕ್ಕದ ಮನೆಯ ಹುಡುಗಿ ಜಾರ್ಜಿಯಾದ ರಾಜಧಾನಿ ಟ್ಬಿಲಿಸಿಯಲ್ಲಿ ಮೆಡಿಕಲ್ ಓದುತ್ತಾಳೆ. ರಜೆಗೆ ಬಂದವಳು ನಮಗೆ ಎರಡು ಪೊಟ್ಟಣ, ಒಂದು ಬಾಟಲಿ ತಂದುಕೊಟ್ಟಳು. ಒಂದರಲ್ಲಿ ಹಸಿರು ಮಿಶ್ರಿತ ಹಳದಿ ಪುಡಿ. ಇನ್ನೊಂದರಲ್ಲಿ ಘಮಘಮ ಎನ್ನುವ ಉಪ್ಪು. ಬಾಟಲಿಯಲ್ಲಿ ಕೆಂಪು ಚಟ್ನಿಯಂಥದ್ದು. "ಬಾರ್ಬೆಕ್ಯೂಗೆ ಹಾಕಿ ಆಂಟಿ, ಸಖತ್ತಾಗಿರತ್ತೆ" ಅಂದಳು.

ನಮ್ಮದು ತರಕಾರಿ ತಿನ್ನುವ ಮನೆ. ಆ ಭಾನುವಾರ ತಾರಸಿಯಲ್ಲಿ ಇದ್ದಿಲು ಹೊತ್ತಿಸಿ, ಅಣಬೆ, ಬದನೆಕಾಯಿ, ತೋಫುಗೆ ಆ ಹಳದಿ ಪುಡಿಯನ್ನು ಮೊಸರಿಲ್ಲದ ಟಿಕ್ಕಾದ ಹಾಗೆ ದಪ್ಪಗೆ ಹಚ್ಚಿದೆ. ಕೆಂಡದ ಮೇಲಿಟ್ಟು ಎರಡು ನಿಮಿಷ ಆಗಿತ್ತಷ್ಟೆ, ಎಲ್ಲ ಕಪ್ಪಾಯಿತು. ಬಾಯಿಗಿಟ್ಟರೆ ಕಹಿ. ಹುಡುಗಿಗೆ ಹೇಳಿದೆ. ಅವಳು ಟ್ಬಿಲಿಸಿಯ ತನ್ನ ಮನೆಯೊಡತಿಗೆ ಫೋನ್ ಹಚ್ಚಿದಳು. ಆಕಡೆಯಿಂದ ಜೋರು ನಗು. ಆಮೇಲೆ ಒಂದೇ ಮಾತು: ಪುಡಿಯನ್ನು ಬೆಂಕಿಗೆ ಯಾಕೆ ಹಾಕಿದಿರಿ?

ಆ ಪ್ರಶ್ನೆಯ ಬೆನ್ನು ಹತ್ತಿದಾಗ ತಿಳಿದದ್ದೇ ಈ ಬರಹ. ಅಲ್ಲಿಗೆ ಓದಲು, ಸುತ್ತಲು ಹೋಗುವ ನಮ್ಮವರು ಜಾಸ್ತಿ ಆಗಿದ್ದಾರೆ. ಇಂಥ ಪೊಟ್ಟಣಗಳು ಇನ್ನೂ ಹಲವು ಮನೆಗಳ ಅಡುಗೆಕಟ್ಟೆ ಮೇಲೆ ಸುಮ್ನೆ ಕೂತಿರಬಹುದು.

ಯಾವ ಜಾರ್ಜಿಯಾ?

ಅಮೆರಿಕದಲ್ಲೂ ಜಾರ್ಜಿಯಾ ಎಂಬ ರಾಜ್ಯ ಇದೆ, ಅಲ್ಲಿ ಬಾರ್ಬೆಕ್ಯೂ ಕೂಡ ಜೋರು. ನಾವು ಮಾತಾಡುತ್ತಿರುವುದು ಅದರ ಬಗ್ಗೆ ಅಲ್ಲ. ಇದು ಕಪ್ಪು ಸಮುದ್ರಕ್ಕೂ ಕಾಕಸಸ್ ಬೆಟ್ಟಗಳಿಗೂ ನಡುವೆ ಇರುವ ದೇಶ. ಉತ್ತರಕ್ಕೆ ರಷ್ಯಾ, ದಕ್ಷಿಣಕ್ಕೆ ಟರ್ಕಿ, ಆರ್ಮೇನಿಯಾ, ಅಜರ್‌ಬೈಜಾನ್. ವಿಸ್ತಾರ ಸುಮಾರು 69,700 ಚದರ ಕಿ.ಮೀ. ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅಲ್ಲಿನವರು ತಮ್ಮ ದೇಶವನ್ನು ಕರೆಯುವುದು ಸಾಕಾರ್ತ್ವೆಲೊ ಎಂದು.

ಅಲ್ಲಿ ಮಾಂಸ ತಿನ್ನುವವರೇ ಹೆಚ್ಚು. ಆದರೂ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲದ ಅಡುಗೆಗೆ ಅಲ್ಲಿ ಬರ ಇಲ್ಲ. ಕಾರಣ ಚರ್ಚು. ಜನರಲ್ಲಿ ಬಹುಪಾಲು ಆರ್ಥೊಡಾಕ್ಸ್ ಕ್ರೈಸ್ತರು. ವ್ರತ ಹಿಡಿಯುವವರು ಬುಧವಾರ, ಶುಕ್ರವಾರ ಇವನ್ನೆಲ್ಲ ಬಿಡುತ್ತಾರೆ. ಈಸ್ಟರ್‌ಗೆ ಮುಂಚೆ ಉದ್ದದ ವ್ರತ. ಕ್ರಿಸ್‌ಮಸ್‌ಗೆ ಮುಂಚೆ 40 ದಿನ. ಅವರ ಕ್ರಿಸ್‌ಮಸ್ ಬರುವುದು ಜನವರಿ 7ಕ್ಕೆ. ಇಂಥ ದಿನಗಳ ಅಡುಗೆಗೆ 'ಸಮರ್ಖ್ವೊ' ಎಂಬ ಹೆಸರೇ ಇದೆ, ಹೋಟೆಲುಗಳಲ್ಲಿ ಅದಕ್ಕೆ ಬೇರೆ ಪಟ್ಟಿ ಸಿಗುತ್ತದೆ. ನಮ್ಮಲ್ಲಿ ಏಕಾದಶಿ, ಶನಿವಾರ ಅಂತ ಫಲಾಹಾರದ ಅಡುಗೆ ಬೆಳೆಯಿತಲ್ಲ, ಹಾಗೆ. ಅಕ್ರೋಟು ತುಂಬಿದ ಬದನೆಕಾಯಿ, ಸೊಪ್ಪನ್ನು ಅಕ್ರೋಟಿನ ಜೊತೆ ಅರೆದು ಉಂಡೆ ಕಟ್ಟಿದ 'ಪ್ಖಾಲಿ', ಕಾಳಿನ 'ಲೋಬಿಯೊ' ಎಲ್ಲ ವ್ರತದ ದಿನಕ್ಕೂ ನಡೆಯುತ್ತವೆ.

ಹಾಗಾಗಿ ಜಾರ್ಜಿಯಾದ ಮಸಾಲೆಗಳನ್ನು ತರಕಾರಿಗೆ ಹಾಕುವುದು ನಾವು ಹೊಸದಾಗಿ ಕಂಡುಹಿಡಿದ ಉಪಾಯವೇನಲ್ಲ. ಹೊಸದು ಅಂದರೆ ಅದನ್ನು ಕೆಂಡದ ಜೊತೆ ಕೂಡಿಸುವುದು, ಅಷ್ಟೆ.

ಅವರು ಕೆಂಡದ ಮೇಲೆ ಸುಡುವುದು ಹೇಗೆ

ಕಂಬಿಗೆ ಚುಚ್ಚಿ ಸುಟ್ಟ ಮಾಂಸಕ್ಕೆ ಅಲ್ಲಿ 'ಮ್ತ್ಸ್ವಾದಿ' ಅನ್ನುತ್ತಾರೆ. ನಮ್ಮ ಒತ್ತಕ್ಷರಕ್ಕೇ ಬೆವರು ಬರಿಸುವ ಹೆಸರು. ಕಂಬಿಗೆ 'ಶಂಪೂರಿ'. ದೇಶದ ಪೂರ್ವಕ್ಕಿರುವ ಕಾಖೇತಿ ದ್ರಾಕ್ಷಿ ಸೀಮೆ. ಅಲ್ಲಿ ಸೌದೆ ಅಂದರೆ ದ್ರಾಕ್ಷಿ ಬಳ್ಳಿ ಸವರಿದಾಗ ಬಿದ್ದ ಕಡ್ಡಿಗಳು. ಬೇಗ ಹೊತ್ತಿಕೊಂಡು ಬೇಗ ಕೆಂಡವಾಗುತ್ತವೆ. ಉರಿ ಆರಿ ಕೆಂಡ ಉಳಿದ ಮೇಲೇ ಕಂಬಿ ಇಡುವುದು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಕಾಖೇತಿಯ ಹಳೇ ಪದ್ಧತಿಯಲ್ಲಿ ಮಾಂಸಕ್ಕೆ ಬೆಂಕಿಗೆ ಮುಂಚೆ ಬೀಳುವುದು ಬರೀ ಉಪ್ಪು. ಬೆಂದ ಮೇಲೆ ಹೆಚ್ಚಿದ ಹಸಿ ಈರುಳ್ಳಿಯ ಮೇಲೆ ಜಾರಿಸಿ, ದಾಳಿಂಬೆ ಕಾಳು ಉದುರಿಸಿ ಅಥವಾ ರಸ ಹಿಂಡಿ ಕಲಸುತ್ತಾರೆ. ಬಿಸಿಗೆ ಈರುಳ್ಳಿ ಅರ್ಧ ಬೇಯುತ್ತದೆ. ಉಳಿದ ರುಚಿಯೆಲ್ಲ ಪಕ್ಕದ ಬಟ್ಟಲುಗಳಲ್ಲಿ: ಹುಳಿಯದ್ದು ಒಂದು, ಖಾರದ್ದು ಒಂದು, ಅಕ್ರೋಟಿನದ್ದು ಒಂದು. ತಿನ್ನುವವರು ಅದ್ದಿಕೊಳ್ಳುತ್ತಾರೆ.

ನಮ್ಮ ತಂದೂರಿ ಟಿಕ್ಕಾದ ಲೆಕ್ಕ ಇದಕ್ಕೆ ಉಲ್ಟಾ. ಅಲ್ಲಿ ಮಸಾಲೆಯೆಲ್ಲ ಮೊದಲೇ ಮೆತ್ತುತ್ತೇವೆ, ಮೊಸರು ಅದನ್ನು ಹಿಡಿದುಕೊಂಡು ಕಾಪಾಡುತ್ತದೆ. ನಾನು ಮಾಡಿದ ತಪ್ಪು ಇದೇ. ಟಿಕ್ಕಾದ ಲೆಕ್ಕವನ್ನು ಮೊಸರು ಬಿಟ್ಟು ಪಾಲಿಸಿದ್ದೆ.

ತರಕಾರಿ ಮಾಂಸದ ಹಾಗೆ ಯಾಕೆ ಬೇಯುವುದಿಲ್ಲ

ಮಾಂಸದಲ್ಲಿ ಕೊಬ್ಬು ಇರುತ್ತದೆ. ಬಿಸಿಗೆ ಅದು ಕರಗಿ ಮೈಗೆಲ್ಲ ಹರಡುತ್ತದೆ. ಕೆಂಡದ ಮೇಲೆ ತೊಟ್ಟಿಕ್ಕಿ ಹೊಗೆಯಾಗಿ ಮೇಲೆದ್ದು ಮತ್ತೆ ಮಾಂಸಕ್ಕೇ ಅಂಟುತ್ತದೆ. 'ಸುಟ್ಟ ಘಮ' ಅಂತ ನಾವು ಹೇಳುವುದರಲ್ಲಿ ಒಂದು ಪಾಲು ಇದು. ತರಕಾರಿಯಲ್ಲಿ ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ಇರುವುದು ನೀರು. ಅಣಬೆ, ಬದನೆಕಾಯಿ ಎರಡರಲ್ಲೂ ತೂಕದ 90 ಭಾಗದಷ್ಟು ನೀರೇ.

ನೀರು ಇರುವ ತನಕ ಮೇಲ್ಮೈ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ, ಹುರಿದ ವಾಸನೆ ಬರಲು ಸುಮಾರು 140 ಡಿಗ್ರಿ ಬೇಕು. ಹಾಗಾಗಿ ಒದ್ದೆ ತರಕಾರಿಯನ್ನು ಕೆಂಡದ ಮೇಲಿಟ್ಟರೆ ಅದು ಸುಡುವ ಬದಲು ಇಡ್ಲಿಯ ಹಾಗೆ ಹಬೆಯಲ್ಲಿ ಬೇಯುತ್ತದೆ. ಒಳಗೆ ಪಿಚಪಿಚ. ಆದರೆ ಮೇಲೆ ಮೆತ್ತಿದ ಒಣ ಪುಡಿಯಲ್ಲಿ ನೀರೇ ಇಲ್ಲ, ಅದು ತರಕಾರಿಗಿಂತ ಮೊದಲೇ ಸೀದುಹೋಗುತ್ತದೆ. ಬೆಳ್ಳುಳ್ಳಿಯ ಕಥೆಯೂ ಅಷ್ಟೇ.

ಇನ್ನೊಂದು ವಿಷಯ ಎಣ್ಣೆ. ಕೊತ್ತಂಬರಿ, ಮೆಂತ್ಯ, ಮೆಣಸಿನಕಾಯಿಯ ಘಮ ಮತ್ತು ಖಾರ ಕೊಡುವ ಅಂಶಗಳಲ್ಲಿ ಹೆಚ್ಚಿನವು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಬಿಟ್ಟುಕೊಳ್ಳುತ್ತವೆ. ಒಗ್ಗರಣೆಯನ್ನು ನಾವು ಎಣ್ಣೆಯಲ್ಲಿ ಹಾಕುವುದು ಇದಕ್ಕೇ ಅಲ್ವಾ? ಮಾಂಸಕ್ಕೆ ಆ ಎಣ್ಣೆ ಒಳಗಿಂದಲೇ ಬರುತ್ತದೆ. ತರಕಾರಿಗೆ ನಾವು ಕೊಡಬೇಕು. ಜಾರ್ಜಿಯಾದವರು ಅದನ್ನು ಕೊಡುವುದು ಅಕ್ರೋಟಿನ ಮೂಲಕ.

ಪೊಟ್ಟಣದೊಳಗೆ ಏನಿದೆ

ಹಳದಿ ಪುಡಿಯ ಹೆಸರು 'ಖ್ಮೇಲಿ ಸುನೇಲಿ'. ಖ್ಮೇಲಿ ಅಂದರೆ ಒಣಗಿದ್ದು, ಸುನೇಲಿ ಅಂದರೆ ಮಸಾಲೆ. ನಮ್ಮ ಸಾರಿನ ಪುಡಿಯ ಹಾಗೆ ಇದು ಮನೆಗೊಂದು ತರ. ಆದರೂ ಎರಡು ಮೂರು ಸಾಮಾನು ತಪ್ಪದೆ ಇರುತ್ತವೆ: ಕೊತ್ತಂಬರಿ ಬೀಜ, ನೀಲಿ ಮೆಂತ್ಯ, ಒಣಗಿಸಿದ ಚೆಂಡು ಹೂವು. ಇವುಗಳ ಜೊತೆ ಒಣಗಿದ ಸಬ್ಬಸಿಗೆ, ತುಳಸಿ ಜಾತಿಯ ಬೇಸಿಲ್, ಪುದೀನ, ಕರಿಮೆಣಸು, ಇನ್ನೂ ಏನೇನೋ ಸೊಪ್ಪುಗಳು. ನಮ್ಮ ಮಸಾಲೆಪುಡಿಗಳಲ್ಲಿ ಬೀಜ, ತೊಗಟೆ, ಮೊಗ್ಗಿನದ್ದೇ ರಾಜ್ಯ. ಇದರಲ್ಲಿ ಸೊಪ್ಪಿನ ಪಾಲು ದೊಡ್ಡದು. ಹಾಗಾಗಿಯೇ ಬೆಂಕಿಗೆ ಇದು ಇನ್ನೂ ನಾಜೂಕು.

ನೀಲಿ ಮೆಂತ್ಯ ಈ ಪುಡಿಯ ಜೀವ. ಅಲ್ಲಿ ಅದಕ್ಕೆ 'ಉತ್ಸ್ಖೊ ಸುನೇಲಿ' ಅನ್ನುತ್ತಾರೆ. ಉತ್ಸ್ಖೊ ಅಂದರೆ ಪರಸ್ಥಳದ್ದು. ನಮ್ಮ ಮೆಂತ್ಯದ ಹತ್ತಿರದ ನೆಂಟ, ಹೂ ಮಾತ್ರ ನೀಲಿ. ಬೀಜವನ್ನು ಒಣಗಿದ ಕಾಯಿಯ ಸಮೇತ ಪುಡಿ ಮಾಡುತ್ತಾರೆ. ಮೆಂತ್ಯದಷ್ಟು ಕಹಿ ಇಲ್ಲ. ಹುಲ್ಲಿನ ಬಣವೆ ಪಕ್ಕ ನಿಂತರೆ ಒಂದು ಬೆಚ್ಚನೆಯ ವಾಸನೆ ಬರುತ್ತದಲ್ಲ, ಅದು, ಜೊತೆಗೆ ಚೂರು ಹುರಿದ ಬೀಜದ ರುಚಿ. ನಮ್ಮಲ್ಲಿ ಸಿಗುವುದು ಕಷ್ಟ. ಮೂರು ಪಾಲು ಕಸೂರಿ ಮೇಥಿಗೆ, ಕೆಂಪಗೆ ಹುರಿದು ಪುಡಿ ಮಾಡಿದ ಮೆಂತ್ಯ ಕಾಲು ಪಾಲು ಸೇರಿಸಿದರೆ ಹತ್ತಿರ ಬರುತ್ತದೆ. ಮೆಂತ್ಯ ಅದಕ್ಕಿಂತ ಜಾಸ್ತಿ ಆದರೆ ಕಹಿ ಎದ್ದು ನಿಲ್ಲುತ್ತದೆ.

ಚೆಂಡು ಹೂವಿನ ವಿಷಯ ಕೇಳಿ ನನಗೆ ಆಶ್ಚರ್ಯವಾಯಿತು. ಆಯುಧಪೂಜೆಗೆ ಗಾಡಿಗೆ ಕಟ್ಟುವ ಅದೇ ಜಾತಿ! ಇಮೆರೇತಿ ಎಂಬ ಸೀಮೆಯ ಹೆಸರಲ್ಲಿ ಅದನ್ನು 'ಇಮೆರೇತಿ ಕೇಸರಿ' ಎಂದು ಕರೆಯುತ್ತಾರೆ. ನಿಜವಾದ ಕೇಸರಿಗೂ ಅದಕ್ಕೂ ಸಂಬಂಧ ಇಲ್ಲ. ಹಳದಿ ಬಣ್ಣ ಕೊಡುತ್ತದೆ, ಚೂರು ಮಣ್ಣಿನಂಥ ಘಮ ಕೊಡುತ್ತದೆ. ಹಾರಕ್ಕೆ ಅಂತ ಬೆಳೆದ ಪೇಟೆ ಹೂವನ್ನು ಅಡುಗೆಗೆ ಹಾಕಬೇಡಿ, ಅದಕ್ಕೆ ಔಷಧಿ ಹೊಡೆದಿರುತ್ತಾರೆ. ಮನೆ ಕುಂಡದಲ್ಲಿ ಬೆಳೆದಿದ್ದರೆ ಎಸಳನ್ನು ನೆರಳಲ್ಲಿ ಒಣಗಿಸಿ ಬಳಸಿ. ಇಲ್ಲದಿದ್ದರೆ ಬಣ್ಣಕ್ಕೆ ಚಿಟಿಕೆ ಅರಿಶಿನ ಸಾಕು, ಘಮ ಬೇರೆಯಾದರೂ ಪರವಾಗಿಲ್ಲ.

ಮನೆಯಲ್ಲೇ ಮಾಡುವುದಾದರೆ ನನಗೆ ಒಗ್ಗಿದ ಅಳತೆ ಇದು. 2 ದೊಡ್ಡ ಚಮಚ ಕೊತ್ತಂಬರಿ ಬೀಜವನ್ನು ಬೆಚ್ಚಗೆ ಮಾಡಿ ಪುಡಿ ಮಾಡಿ. ಅದಕ್ಕೆ ಮೇಲೆ ಹೇಳಿದ ಮೆಂತ್ಯದ ಮಿಶ್ರಣ 1 ದೊಡ್ಡ ಚಮಚ, ಒಣಗಿದ ಸಬ್ಬಸಿಗೆ 1 ದೊಡ್ಡ ಚಮಚ, ಒಣ ಬೇಸಿಲ್ 1 ದೊಡ್ಡ ಚಮಚ, ಒಣ ಪುದೀನ 1 ಸಣ್ಣ ಚಮಚ, ಕರಿಮೆಣಸಿನ ಪುಡಿ ಅರ್ಧ ಸಣ್ಣ ಚಮಚ, ಚಿಟಿಕೆ ಅರಿಶಿನ. ಕೆಲವು ಪಟ್ಟಿಗಳಲ್ಲಿ ಬೇ ಲೀಫ್ ಇರುತ್ತದೆ. ಅದರ ಬದಲು ನಮ್ಮ ಪಲಾವ್ ಎಲೆ ಹಾಕಿದರೆ ದಾಲ್ಚಿನ್ನಿ ವಾಸನೆ ಬಂದು ಕೆಡುತ್ತದೆ. ಎರಡೂ ಬೇರೆ ಮರ. ಬಿಟ್ಟುಬಿಡುವುದೇ ವಾಸಿ.

ಎರಡನೇ ಪೊಟ್ಟಣ 'ಸ್ವಾನುರಿ ಮರಿಲಿ', ಅಂದರೆ ಸ್ವಾನೇತಿಯ ಉಪ್ಪು. ಸ್ವಾನೇತಿ ಕಾಕಸಸ್ ಬೆಟ್ಟಗಳ ನಡುವಿನ ಎತ್ತರದ ಸೀಮೆ. ಅಲ್ಲಿನ ಉಶ್ಗುಲಿ ಹಳ್ಳಿಗಳು ಸುಮಾರು 2,100 ಮೀಟರ್ ಎತ್ತರದಲ್ಲಿವೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲೆ. ಕಲ್ಲಿನ ಗೋಪುರಗಳಿರುವ ಈ ಮೇಲಿನ ಸ್ವಾನೇತಿ 1996ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಹಿಂದೆ ಉಪ್ಪು ಅಲ್ಲಿಗೆ ಬರುವುದೇ ಕಷ್ಟ ಇತ್ತು, ಅದಕ್ಕೇ ಬೆಳ್ಳುಳ್ಳಿ, ಮಸಾಲೆ ಬೆರೆಸಿ ಬಾಳಿಕೆ ಬರುವ ಹಾಗೆ ಮಾಡಿಕೊಂಡರು ಎಂದು ಅಲ್ಲಿನವರು ಹೇಳುತ್ತಾರೆ. ಉಪ್ಪು, ಬೆಳ್ಳುಳ್ಳಿ, ಕೊತ್ತಂಬರಿ, ನೀಲಿ ಮೆಂತ್ಯ, ಚೆಂಡು ಹೂವು, ಒಣಮೆಣಸಿನಕಾಯಿ, ಸಬ್ಬಸಿಗೆ ಬೀಜ, ಬೆಟ್ಟದಲ್ಲಿ ಕಾಡುಪಾಲಾಗಿ ಬೆಳೆಯುವ ಒಂದು ಜೀರಿಗೆ ಎಲ್ಲ ಸೇರಿಸಿ ಕುಟ್ಟುತ್ತಾರೆ. ಕೊನೆಯದರ ಬದಲು ಷಾಜೀರಿಗೆ ನಡೆಯುತ್ತದೆ.

ಬಾಟಲಿಯಲ್ಲಿದ್ದದ್ದು 'ಅಜಿಕಾ'. ಪಶ್ಚಿಮದ ಸಮೆಗ್ರೆಲೊ ಮತ್ತು ಅಬ್ಖಾಜಿಯಾ ಸೀಮೆಗಳದ್ದು. ಅಬ್ಖಾಜ್ ಭಾಷೆಯಲ್ಲಿ ಈ ಪದಕ್ಕೆ ಅರ್ಥ ಬರೀ 'ಉಪ್ಪು'. ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಕೊತ್ತಂಬರಿ, ನೀಲಿ ಮೆಂತ್ಯ ಅರೆದದ್ದು. ಕೆಂಪು ಬಗೆ, ಹಸಿರು ಬಗೆ ಎರಡೂ ಉಂಟು. ಉತ್ತರ ಕರ್ನಾಟಕದವರಿಗೆ ಇದನ್ನು ವಿವರಿಸುವುದೇ ಬೇಡ. ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಮೆಂತ್ಯ ಹಾಕಿ ಅರೆಯುವ ರಂಜಕದ ಅಣ್ಣನೋ ತಮ್ಮನೋ ಇದು. ರಂಜಕಕ್ಕೆ ನಿಂಬೆಹಣ್ಣೋ ಹುಣಸೆಯೋ ಬೀಳುತ್ತದೆ, ಅಜಿಕಾದಲ್ಲಿ ಕೊತ್ತಂಬರಿ ಬೀಜ ಜಾಸ್ತಿ. ನೆನೆಸಿದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಮಾಡಿದರೆ ಬಣ್ಣ ಬರುತ್ತದೆ, ಖಾರ ಕೈಮೀರುವುದಿಲ್ಲ.

ಅಂದ ಹಾಗೆ ಮೆಣಸಿನಕಾಯಿಯೂ ಚೆಂಡು ಹೂವೂ ಅಮೆರಿಕ ಖಂಡದಿಂದ ಬಂದವು. ಕೊಲಂಬಸ್‌ಗಿಂತ ಮುಂಚೆ ಅಜಿಕಾಗೂ ಈ ರೂಪ ಇರಲಿಲ್ಲ, ನಮ್ಮ ರಂಜಕಕ್ಕೂ ಇರಲಿಲ್ಲ.

ಪಕ್ಕದ ಬಟ್ಟಲು: ಹುಳಿ ಮತ್ತು ಅಕ್ರೋಟು

'ಟ್ಕೆಮಾಲಿ' ಹುಳಿ ಪ್ಲಮ್ ಹಣ್ಣಿನ ಗೊಜ್ಜು. ವಸಂತದಲ್ಲಿ ಹಸಿರು ಕಾಯಿಯದ್ದು, ಆಮೇಲೆ ಹಣ್ಣಾದಾಗ ಕೆಂಪನೆಯದ್ದು. ಬೇಯಿಸಿ, ತಿರುಳು ಸೋಸಿ, ಬೆಳ್ಳುಳ್ಳಿ, ಕೊತ್ತಂಬರಿ, ಸಬ್ಬಸಿಗೆ, 'ಓಂಬಲೊ' ಎಂಬ ಪುದೀನ ಜಾತಿಯ ಸೊಪ್ಪು ಹಾಕುತ್ತಾರೆ. ಓಂಬಲೊ ಹುಡುಕಿಕೊಂಡು ಹೋಗಬೇಡಿ. ಅದರ ಎಣ್ಣೆ ಹೆಚ್ಚಾದರೆ ವಿಷ. ನಮ್ಮ ಪುದೀನವೇ ಸಾಕು. ಪ್ಲಮ್ ಬದಲು ಮಾವಿನಕಾಯಿ ಬೇಯಿಸಿ ಮಾಡಿದರೆ ಹಸಿರು ಟ್ಕೆಮಾಲಿಯ ಹದಕ್ಕೆ ಬರುತ್ತದೆ. ಒಂದೇ ಎಚ್ಚರ, ಬೆಲ್ಲ ಹಾಕಬಾರದು. ಕೈ ತಾನಾಗಿ ಬೆಲ್ಲದ ಡಬ್ಬಿಗೆ ಹೋಗುತ್ತದೆ, ನನಗೂ ಹೋಯಿತು. ಹಾಕಿದರೆ ಅದು ಮಾವಿನಕಾಯಿ ಗೊಜ್ಜೇ ಆಗಿಬಿಡುತ್ತದೆ.

'ಬಾಝೆ' ಅಕ್ರೋಟಿನ ಸಾಸ್. 100 ಗ್ರಾಂ ಅಕ್ರೋಟಿಗೆ ಬೆಳ್ಳುಳ್ಳಿ 2 ಎಸಳು, ಕೊತ್ತಂಬರಿ ಪುಡಿ ಮತ್ತು ಖ್ಮೇಲಿ ಸುನೇಲಿ ಅರ್ಧರ್ಧ ಸಣ್ಣ ಚಮಚ, ವಿನೆಗರ್ 1 ದೊಡ್ಡ ಚಮಚ ಅಥವಾ ಅದಕ್ಕಿಂತ ಜಾಸ್ತಿ ದಾಳಿಂಬೆ ರಸ, ಉಪ್ಪು. ಅಕ್ರೋಟನ್ನು ಎಣ್ಣೆ ಬಿಡುವ ತನಕ ನುಣ್ಣಗೆ ಅರೆದು, ಆಮೇಲೆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸುಮಾರು ಮುಕ್ಕಾಲು ಲೋಟ ಹಿಡಿಯುತ್ತದೆ. ದೋಸೆ ಹಿಟ್ಟಿನ ಹದ. ಒಲೆ ಬೇಡ.

ಈ ಬಾಝೆಯಲ್ಲಿ ಪುಡಿಯ ಘಮ ಅಕ್ರೋಟಿನ ಎಣ್ಣೆಗೆ ಇಳಿಯುತ್ತದೆ. ಬೆಂಕಿ ಮುಟ್ಟದ್ದರಿಂದ ಸೀಯುವುದಿಲ್ಲ. ಕೊಬ್ಬಿಲ್ಲದ ತರಕಾರಿಗೆ ಕೊಬ್ಬೂ ಸಿಕ್ಕಿತು. ಮನೆಯೊಡತಿಯ ಪ್ರಶ್ನೆಗೆ ಉತ್ತರ ಈ ಬಟ್ಟಲಲ್ಲೇ ಇತ್ತು. ನಾವು ಎಣ್ಣೆಗಾಯಿಗೆ ಶೇಂಗಾ, ಎಳ್ಳು, ಗುರೆಳ್ಳು ಹಾಕುವಾಗ ಇದೇ ಕೆಲಸ ಮಾಡುತ್ತಿರುತ್ತೇವೆ. ಬದನೆಕಾಯಿ ತನ್ನಲ್ಲಿ ಇಲ್ಲದ್ದನ್ನು ಬೀಜದಿಂದ ಸಾಲ ಪಡೆಯುತ್ತದೆ. ಅಕ್ರೋಟು ದುಬಾರಿ ಅನ್ನಿಸಿದರೆ ಅರ್ಧ ಹುರಿದ ಶೇಂಗಾ ಹಾಕಿ. ಜಾರ್ಜಿಯಾದವರು ಒಪ್ಪಲಿಕ್ಕಿಲ್ಲ, ತಿನ್ನಲು ಚೆನ್ನಾಗೇ ಇರುತ್ತದೆ.

ಕೆಂಡದ ಮುಂದೆ ನಿಂತಾಗ

ದ್ರಾಕ್ಷಿ ಕಡ್ಡಿ ನಮ್ಮಲ್ಲೂ ಸಿಗುತ್ತದೆ. ವಿಜಯಪುರದ ಕಡೆ ಏಪ್ರಿಲ್‌ನಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಬಳ್ಳಿ ಸವರುತ್ತಾರೆ. ಆದರೆ ಔಷಧಿ ಹೊಡೆದ ತೋಟದ ಕಡ್ಡಿಯ ಹೊಗೆ ಊಟಕ್ಕೆ ತಾಗುವುದು ಬೇಡ. ತೆಂಗಿನ ಚಿಪ್ಪಿನ ಇದ್ದಿಲು ಒಳ್ಳೇದು. ಮೇಲೆ ಬಿಳೀ ಬೂದಿ ಕಟ್ಟಿದ ಮೇಲೇ ಶುರು ಮಾಡಿ.

ಬದನೆಕಾಯಿಯನ್ನು ಬೆರಳು ದಪ್ಪ ಹೆಚ್ಚಿ ಉಪ್ಪು ಸವರಿ ಅರ್ಧ ಗಂಟೆ ಬಿಡಿ. ನೀರು ಹೊರಗೆ ಬರುತ್ತದೆ, ಒಳಗಿನ ಸ್ಪಂಜಿನಂಥ ಗಾಳಿಗೂಡುಗಳು ಕುಸಿಯುತ್ತವೆ, ಎಣ್ಣೆ ಕುಡಿಯುವುದು ಕಮ್ಮಿಯಾಗುತ್ತದೆ. ಒರೆಸಿ, ತೆಳ್ಳಗೆ ಎಣ್ಣೆ ಸವರಿ ಸುಡಿ. ಕೆಳಗಿಳಿಸಿದ ಮೇಲೆ ಬಾಝೆ ಸವರಿ ಸುರುಳಿ ಸುತ್ತಿ ದಾಳಿಂಬೆ ಉದುರಿಸಿದರೆ, ಅವರ ಹುರಿದ ಬದನೆಯ 'ಬದ್ರಿಜಾನಿ'ಗೆ ಕೆಂಡದ ಘಮ ಸೇರಿದ ಹಾಗೆ.

ಅಣಬೆಗೆ ಮೊದಲೇ ಉಪ್ಪು ಹಾಕಬೇಡಿ, ನೀರು ಬಿಟ್ಟು ಒದ್ದೆಯಾಗುತ್ತದೆ. ಎಣ್ಣೆ ಮಾತ್ರ ಸವರಿ, ಟೋಪಿಯ ಬಟ್ಟಲು ಮೇಲೆ ಬರುವ ಹಾಗೆ ಇಡಿ. ಬಟ್ಟಲಲ್ಲಿ ರಸ ನಿಂತಾಗ ಚಿಟಿಕೆ ಸ್ವಾನೇತಿ ಉಪ್ಪು ಅದರೊಳಗೇ ಹಾಕಿ. ರಸದಲ್ಲಿ ಬೆಳ್ಳುಳ್ಳಿ ಸೀಯದೆ ಬೇಯುತ್ತದೆ. ನನ್ನ ಲೆಕ್ಕದಲ್ಲಿ ಇಡೀ ಸಂಜೆಯ ಅತ್ಯುತ್ತಮ ತುತ್ತು ಇದು. ಅಣಬೆಯ ಕೋಶದ ಗೋಡೆಯಲ್ಲಿ ಕೈಟಿನ್ ಎಂಬ ಗಟ್ಟಿ ಪದಾರ್ಥ ಇರುವುದರಿಂದ ಐದು ನಿಮಿಷ ಹೆಚ್ಚು ಬೆಂದರೂ ಅದು ಮುದ್ದೆಯಾಗುವುದಿಲ್ಲ. ಮಾತಾಡುತ್ತಾ ಮರೆತರೂ ತೊಂದರೆ ಇಲ್ಲ.

ತೋಫುವಿನೊಳಗೆ ಮಸಾಲೆ ಇಳಿಯುವುದು ಬಹಳ ಕಮ್ಮಿ, ಎಷ್ಟು ಹೊತ್ತು ನೆನೆಸಿದರೂ. ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ಕರಗಿಸಿ ಹಿಂಡಿದರೆ ಸ್ಪಂಜಿನಂತಾಗಿ ಹೀರಿಕೊಳ್ಳುತ್ತದೆ. ಎಣ್ಣೆಯಲ್ಲಿ ಕದಡಿದ ಅಜಿಕಾವನ್ನು ಅದಕ್ಕೆ ಕೊನೆಯ ಎರಡು ನಿಮಿಷ ಇರುವಾಗ ಮಾತ್ರ ಸವರಿ. ಪನೀರಿಗೂ ಇದೇ, ಆದರೆ ಅದು ಹಾಲಿನದ್ದು, ವ್ರತದ ಲೆಕ್ಕಕ್ಕೆ ಸೇರದು.

ಸುವರ್ಣಗಡ್ಡೆ ಜಾರ್ಜಿಯಾದ್ದಲ್ಲ. ಆದರೂ ಹುಣಸೆನೀರಲ್ಲಿ ಮುಕ್ಕಾಲು ಬೇಯಿಸಿ ಕೆಂಡದ ಮೇಲೆ ಕೆಂಪಗೆ ಸುಟ್ಟು, ಹಸಿ ಈರುಳ್ಳಿ ದಾಳಿಂಬೆ ರಸದಲ್ಲಿ ಹೊರಳಿಸಿದರೆ ಮ್ತ್ಸ್ವಾದಿಯ ಜಾಗಕ್ಕೆ ನಮ್ಮ ಮನೆಯಲ್ಲಿ ಅದೇ ಬರುತ್ತದೆ.

ಉಳಿದ ಸುಟ್ಟ ತರಕಾರಿಯನ್ನು ಬಿಸಾಡಬೇಡಿ. ಮಾರನೇ ದಿನ ಟೊಮೆಟೊ, ಈರುಳ್ಳಿ ಬಾಡಿಸಿ ಅದಕ್ಕೆ ಹೆಚ್ಚಿ ಹಾಕಿ. ಒಲೆ ಆರಿಸಿದ ಮೇಲೆ ಖ್ಮೇಲಿ ಸುನೇಲಿ, ಹಿಡಿ ಕೊತ್ತಂಬರಿ ಸೊಪ್ಪು, ಜಜ್ಜಿದ ಬೆಳ್ಳುಳ್ಳಿ. ಬದನೆ, ಟೊಮೆಟೊ, ದೊಣ್ಣೆಮೆಣಸಿನಕಾಯಿಯ ಇಂಥ ಪಲ್ಯಕ್ಕೆ ಅಲ್ಲಿ 'ಅಜಪ್ಸಂದಾಲಿ' ಎಂಬ ಹೆಸರಿದೆ. ತಣ್ಣಗೂ ತಿನ್ನುತ್ತಾರೆ. ಜೋಳದ ರೊಟ್ಟಿ ಜೊತೆ ಅದು ಹೇಗಿರುತ್ತದೆ ಅಂತ ಆ ಹುಡುಗಿ ಟ್ಬಿಲಿಸಿಗೆ ವಾಪಸ್ ಹೋಗಿ ಮನೆಯೊಡತಿಗೆ ಮಾಡಿ ತೋರಿಸುತ್ತಾಳಂತೆ. ಹಿಟ್ಟು ಕಟ್ಟಿಕೊಟ್ಟಿದ್ದೇವೆ.